ಅತ್ತೆಗೆ ಇಂಗ್ಲಿಷ್ ಕಲಿಸಿದ್ದು

ಇಂಗ್ಲಿಷ್ ಭಾಷೆಯ ಉಪಯೋಗಗಳ ಬಗ್ಗೆ ಒಂದು ಪ್ರಬಂಧ ಬರೆಯಿರಿ ಎಂದು ಪ್ರತಿವರ್ಷ ಹತ್ತನೇ ತರಗತಿಯ ಮಕ್ಕಳಿಗೆ ಹೇಳುತ್ತೇನೆ. ಅದು ಜಗತ್ತಿನ ಭಾಷೆ, ವಿಜ್ಞಾನದ ಭಾಷೆ, ನೌಕರಿಗೆ ಬೇಕೇಬೇಕು ಎಂದು ಮಕ್ಕಳು ಬರೆಯುತ್ತಾರೆ. ನಾನು ಹತ್ತಕ್ಕೆ ಏಳು ಅಂಕ ಕೊಡುತ್ತೇನೆ. ನಮ್ಮ ಮನೆಯಲ್ಲಿ ಅದರಿಂದ ಆಗುತ್ತಿದ್ದ ಉಪಯೋಗವನ್ನು ಮಾತ್ರ ಯಾವ ಮಗುವೂ ಬರೆದಿಲ್ಲ, ನಾನೂ ಹೇಳಿಕೊಟ್ಟಿಲ್ಲ. ಈಗ ಒಪ್ಪಿಕೊಂಡುಬಿಡುತ್ತೇನೆ: ಅತ್ತೆಗೆ ತಿಳಿಯಬಾರದ ಮಾತನ್ನು ಅತ್ತೆಯ ಎದುರಿಗೇ ಆಡುವುದಕ್ಕೆ ನಾವು ಇಂಗ್ಲಿಷ್ ಇಟ್ಟುಕೊಂಡಿದ್ದೆವು.

ನಾನು ಮೂಡಲಗಿಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ಮಸಗುಪ್ಪಿಯ ಮನೆಯಿಂದ ದಿನಾ ಸ್ಕೂಟಿಯಲ್ಲಿ ಹೋಗಿ ಬರುತ್ತೇನೆ. ನಮ್ಮ ಮನೆಯವರು ಗೋಕಾಕದಲ್ಲಿ ಒಂದು ಆಫೀಸಿನಲ್ಲಿದ್ದಾರೆ. ಅವರ ಇಂಗ್ಲಿಷ್ ಅಷ್ಟಕ್ಕಷ್ಟೆ. ನನ್ನದು ಹಾಗಲ್ಲ. ಹುಕ್ಕೇರಿಯ ನನ್ನ ತವರಿನ ಶಾಲೆಯಲ್ಲಿ ಮಾಸ್ತರರು ಮೂರು ಕಾಲಗಳನ್ನೂ ಅವುಗಳ ಹನ್ನೆರಡು ಮರಿಗಳನ್ನೂ ಮಗ್ಗಿಯಂತೆ ಬಾಯಿಪಾಠ ಮಾಡಿಸಿದ್ದರು. ಹೀಗಾಗಿ ಗುಟ್ಟಿನ ಮಾತಿನಲ್ಲೂ ನನ್ನನ್ನು ವ್ಯಾಕರಣ ಬಿಡುವುದಿಲ್ಲ. ಊಟಕ್ಕೆ ಕೂತಾಗ ಅವರು ಅತ್ತೆಯ ಕಡೆ ಕಣ್ಣು ಮಾಡಿ, "ಷಿ ಡೋಂಟ್ ನೋ" ಎಂದರೆ, ನಾನು "ಡಸಂಟ್" ಎಂದು ತಿದ್ದುತ್ತಿದ್ದೆ. ಅತ್ತೆ ಏನೂ ಕೇಳದವರಂತೆ ರೊಟ್ಟಿ ಬಡಿಯುತ್ತಿದ್ದರು.

ಹೋದ ವರ್ಷ ನಮ್ಮ ಗುಟ್ಟಿನ ವಿಷಯ ಎಮ್ಮೆ. ಅದರ ಹೆಸರು ರತ್ನಿ. ಮನೆಯಲ್ಲಿ ಎಲ್ಲರಿಗಿಂತ ಮೊದಲು ಅತ್ತೆ ಮಾತಾಡಿಸುವುದು ಅದನ್ನೇ. ಆದರೆ ಅತ್ತೆಯ ಮೊಣಕಾಲು ಬಾತು, ಒಂದು ದಿನ ಕೊಟ್ಟಿಗೆಯಲ್ಲಿ ಜಾರಿ ಬಿದ್ದರು. ಕೆಳಗೆ ಕೂರುವುದನ್ನು, ಹಿಂಡುವುದನ್ನು ಬಿಡಬೇಕೆಂದು ಡಾಕ್ಟರು ಹೇಳಿದರು. ಅತ್ತೆ ಕೇಳಲಿಲ್ಲ. ಮರುದಿನವೇ ತಂಬಿಗೆ ಹಿಡಿದು ಕೊಟ್ಟಿಗೆಗೆ ಹೋದರು. ಇನ್ನೊಮ್ಮೆ ಬಿದ್ದರೆ ಏಳಲಿಕ್ಕಿಲ್ಲ ಎಂಬ ಹೆದರಿಕೆ ನಮಗೆ. ಎಮ್ಮೆ ಮಾರುವುದೆಂದು ನಾವಿಬ್ಬರೂ ನಿರ್ಧರಿಸಿದೆವು, ಇಂಗ್ಲಿಷಿನಲ್ಲಿ. 'ಬಫೆಲೋ' ಎಂದರೆ ಅತ್ತೆಗೆ ಗೊತ್ತಾದೀತೆಂದು ನಮ್ಮವರು ರತ್ನಿಗೆ 'ದಿ ಆ್ಯನಿಮಲ್' ಎಂದು ಹೆಸರಿಟ್ಟರು.

ಅದೇ ವಾರ ಅತ್ತೆ ನನ್ನ ಹತ್ತಿರ ಬಂದು ಕೂತರು. "ನನಗೂ ಒಂದೀಟ ಇಂಗ್ಲಿಷ್ ಕಲಸವಾ."

"ಈಗ ಯಾಕ್ರಿ ಅತ್ತಿ?"

"ಗುಳಿಗಿ ಚೀಟಿ ಮ್ಯಾಲ ಏನ್ ಬರದಾರ ಅಂತ ನನಗ ತಿಳೀಬ್ಯಾಡೇನು?"

ನನಗೆ ಎಷ್ಟು ಸಂತೋಷವಾಯಿತೆಂದರೆ, ಕಣ್ಣಲ್ಲಿ ನೀರೇ ಬಂತು. ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟ ಹೆಂಗಸು ಅರವತ್ತೈದರಲ್ಲಿ ಕಲಿಯುತ್ತೇನೆ ಎನ್ನುವುದೆಂದರೇನು! ಅಂದೇ ಎ ಫಾರ್ ಆ್ಯಪಲ್ ಶುರು ಮಾಡಿದೆ. ಅತ್ತೆ ತಡೆದರು. "ಹಣ್ಣು ಹಂಪಲ ಇರಲಿ, ಮೊದಲ ನನ್ನ ಬ್ಯಾನಿದು ಹೇಳು. ಮಣಕಾಲಿಗೆ ಏನಂತಾರ?"

"ನೀ ಅಂತಾರ್ರಿ."

"ನಾ ಏನ ಅಂದ್ನಿ?"

"ಅಲ್ರಿ ಅತ್ತಿ, ಮಣಕಾಲಿಗೇ ನೀ ಅಂತಾರ."

"ಹಂಗಾರ 'ನೀ ಬಾ' ಅಂದ್ರ ಮಣಕಾಲ ಬಾ ಅಂದಂಗಾತೇನು?" ಎಂದು ಅತ್ತೆ ನಕ್ಕರು. ನಾನು ಸ್ಪೆಲಿಂಗ್ ಬರೆದು ತೋರಿಸಿದೆ. ಮುಂದೆ ಕೂತ ಕೆ ಅಕ್ಷರದ ಮೇಲೆ ಬೆರಳಿಟ್ಟು ಕೇಳಿದರು. ಅದು ಸುಮ್ಮನೆ ಇರುತ್ತದೆ, ಮಾತಾಡುವುದಿಲ್ಲ ಎಂದೆ. "ನಿಮ್ಮ ಮಾವನಂಗ ಅನ್ನು. ಎಲ್ಲಾರಕಿಂತ ಮುಂದ ಕುಂದರತಿದ್ರು, ಪಿಟ್ ಅಂತಿರಲಿಲ್ಲ" ಎಂದರು. ಇಪ್ಪತ್ತು ವರ್ಷ ಮೌನಾಕ್ಷರಗಳ ಪಾಠ ಮಾಡಿದ್ದೇನೆ, ಇಷ್ಟು ಚೆನ್ನಾಗಿ ನನ್ನಿಂದ ವಿವರಿಸಲಾಗಿಲ್ಲ.

ಹೀಗೆ ದಿನಾ ಸಂಜೆ ಪಾಠ ನಡೆಯಿತು. ಆಮೇಲಾಮೇಲೆ ಅತ್ತೆಯೇ ಶಬ್ದಗಳನ್ನು ತರತೊಡಗಿದರು. "ಆ್ಯನಿಮಲ್ ಅಂದ್ರ ಏನವಾ?" ಪ್ರಾಣಿ ಎಂದೆ. ಮರುದಿನ, "ಸೆಲ್ ಅಂದ್ರ ಬ್ಯಾಟ್ರಿ ಸೆಲ್ಲ ಹೌದಲ್ಲೊ?" ನಾನು ಹುರುಪಿನಿಂದ ಹಲಗೆಯನ್ನೇ ತಂದೆ. ಬ್ಯಾಟರಿಯ ಸೆಲ್ ಬೇರೆ, ಮಾರುವ ಸೆಲ್ ಬೇರೆ. ಒಂದಕ್ಕೆ ಸಿ, ಇನ್ನೊಂದಕ್ಕೆ ಎಸ್. ಕಿವಿಗೆ ಎರಡೂ ಒಂದೇ ಎಂದು ಅರ್ಧ ತಾಸು ಹೇಳಿದೆ. ಅತ್ತೆ ಗಲ್ಲಕ್ಕೆ ಕೈಹಚ್ಚಿ ಕೇಳಿದರು. ಮೂರನೇ ದಿನ, "ವಿಲ್ ಅಂದ್ರ?" ಮುಂದೆ ಆಗುವುದು, ಭವಿಷ್ಯತ್ಕಾಲ ಎಂದೆ. "ಅಂದ್ರ ಇನ್ನೂ ಆಗಿಲ್ಲ?" ಎಂದರು. ಇನ್ನೂ ಆಗಿಲ್ಲ ಎಂದೆ. ಅತ್ತೆಯ ಮುಖ ಹಗುರಾಯಿತು. ವ್ಯಾಕರಣ ತಿಳಿದ ಆನಂದ ಎಂದುಕೊಂಡೆ ನಾನು! ಪರೀಕ್ಷಾ ಕೋಣೆಯಲ್ಲಿ ಒಬ್ಬ ಹುಡುಗಿ ಹೀಗೆ ಆಯ್ದು ಮೂರು ಶಬ್ದ ಕೇಳಿದ್ದರೆ ಆಕೆ ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದಾಳೆಂದು ಕೂತಲ್ಲೇ ಹೇಳಿಬಿಡುತ್ತಿದ್ದೆ.

ಭಾನುವಾರ ಬೆಳಿಗ್ಗೆ ನಾಗನೂರಿನಿಂದ ಎಮ್ಮೆ ಕೊಳ್ಳುವವರು ಬಂದರು, ಇಬ್ಬರು ಅಣ್ಣತಮ್ಮಂದಿರು. ಅತ್ತೆಯೇ ಚಹಾ ಮಾಡಿ ಕೊಟ್ಟರು. ಅವರಲ್ಲಿ ದೊಡ್ಡವನು ಕಪ್ಪು ಕೆಳಗಿಟ್ಟು, "ಎಮ್ಮಿ ತೋರಸ್ರಿ ಅವ್ವಾರ, ನೋಡೋಣು" ಎಂದ. ಅತ್ತೆ ಎದ್ದು ಕುಂಟುತ್ತ ಹೋಗಿ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತರು. ಬಂದವರ ಕಡೆ ನೋಡಲಿಲ್ಲ, ನಮ್ಮಿಬ್ಬರ ಕಡೆ ನೋಡಿದರು. ಸೆರಗು ಸರಿಮಾಡಿಕೊಂಡು, ಒಂದೊಂದೇ ಶಬ್ದ ಇಳಿಸಿಟ್ಟ ಹಾಗೆ ಹೇಳಿದರು: "ದಿಸ್ ಆ್ಯನಿಮಲ್ ಈಸ್ ಮೈನ್. ಐ ವಿಲ್ ನಾಟ್ ಸೆಲ್."

ಬಂದವರು ಬಾಯಿ ತೆರೆದರು. ನಮ್ಮ ಮನೆಯವರು ನೆಲ ನೋಡಿದರು. ನನ್ನ ಬಾಯಿಂದ, ದೇವರಾಣೆ, ನನಗೆ ಗೊತ್ತಿಲ್ಲದೆ ಬಂದ ಮಾತು ಒಂದೇ: "ಕರೆಕ್ಟ್!"

ಅದು ಅಪ್ಪಟ ಟೀಚರಿನ ಬಾಯಿ. ನಮ್ಮವರು ನನ್ನನ್ನು ನುಂಗುವ ಹಾಗೆ ನೋಡಿದರು. ಅಣ್ಣತಮ್ಮಂದಿರು ಹೇಗೋ ಮಾತು ಮುಗಿಸಿ ಗಾಡಿ ಹತ್ತಿದರು. ಅವರು ಹೋದ ಮೇಲೆ ನಮ್ಮವರೇ, "ನಿನ್ನ ಮಣಕಾಲ ಸಲುವಾಗಿ ಮಾಡಿದ್ವಿ ಯವ್ವಾ. ನೀ ಒಲ್ಲೆ ಅಂತಿ ಅಂತ ಹೇಳಲಿಲ್ಲ" ಎಂದರು.

"ಕೇಳಿದ್ದರ ಒಲ್ಲೆ ಅಂತಿದ್ನೋ, ಹೂಂ ಅಂತಿದ್ನೋ, ನಿನಗೇನ ಗೊತ್ತು?" ಅತ್ತೆ ಸಿಟ್ಟಿನಿಂದ ಹೇಳಲಿಲ್ಲ, ಅದೇ ಕಷ್ಟವಾಯಿತು. "ಏಳಾಕ ಬರವಲ್ದು ಅನ್ನೂದು ನಿಮಗಿಂತ ಮೊದಲ ನನಗ ಗೊತ್ತೈತಿ. ಖರೆ, ನಾ ರೊಟ್ಟಿ ಬಡದು ತಾಟಿಗೆ ಹಾಕಾಕತ್ತಿದ್ನಿ, ನೀವು ನನ್ನ ಮುಂದ ಕುಂತು ನನಗ ತಿಳೀದಂಗ ನನ್ನ ಸುದ್ದಿನ ಮಾತಾಡಾಕತ್ತಿದ್ರಿ. ಮನ್ಯಾಗ ಕುಂತು ಪರಊರಾಗ ಕುಂತಂಗ ಆಗತಿತ್ತು."

ನನಗೆ ತಲೆ ಎತ್ತಲಾಗಲಿಲ್ಲ. ಇಂಗ್ಲಿಷ್ ಪೀರಿಯಡ್ಡಿನಲ್ಲಿ ಕೊನೆಯ ಬೆಂಚಿನ ಮಕ್ಕಳು ಹಾಗೆ ತಲೆ ತಗ್ಗಿಸಿ ಕೂರುವುದನ್ನು ದಿನಾ ನೋಡುತ್ತೇನೆ. ಅವರ ಹತ್ತಿರ ಹೋಗಿ ಬೆನ್ನ ಮೇಲೆ ಕೈಯಿಟ್ಟು ಕನ್ನಡದಲ್ಲಿ ಮತ್ತೆ ಹೇಳುತ್ತೇನೆ. ಅದಕ್ಕಾಗಿ ಒಳ್ಳೆಯ ಟೀಚರ್ ಎಂಬ ಹೆಸರೂ ಇದೆ. ಅದೇ ಮುಖ ನನ್ನ ಒಲೆಯ ಮುಂದಿತ್ತು. "ತಪ್ಪಾತ್ರಿ ಅತ್ತಿ" ಎಂದೆ. "ಆತ್ ಬಿಡು. ಕಲಿಸಿದಾಕಿನೂ ನೀನ ಅಲ್ಲೇನು" ಎಂದರು.

ಆಮೇಲೆ ಮೂವರೂ ಕೂತು, ಅಪ್ಪಟ ಮಸಗುಪ್ಪಿ ಕನ್ನಡದಲ್ಲಿ ಗದ್ದಲ ಮಾಡಿ ಒಂದು ತೀರ್ಮಾನಕ್ಕೆ ಬಂದೆವು. ರತ್ನಿ ಇರುತ್ತದೆ. ಅತ್ತೆ ಕೆಳಗೆ ಕೂರುವ ಹಾಗಿಲ್ಲ. ಹಿಂಡುವುದು ನಾನು, ಸಗಣಿ ಎತ್ತುವುದು ನಮ್ಮವರು. ನೋಡಲು ಹೋದರೆ ಈ ಉಪಾಯಕ್ಕೆ ಯಾವ ಭಾಷೆಯೂ ಬೇಕಿರಲಿಲ್ಲ, ನಾವಿಬ್ಬರೂ ಸ್ವಲ್ಪ ಬೇಗ ಎದ್ದಿದ್ದರೆ ಸಾಕಿತ್ತು.

ಈಗ ದಿನಾ ಬೆಳಿಗ್ಗೆ ಕೊಟ್ಟಿಗೆಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ. ಅದರಲ್ಲಿ ಅತ್ತೆ. ಕೆಳಗೆ ಕುಕ್ಕರುಗಾಲಿನಲ್ಲಿ ನಾನು, ಎಂ.ಎ., ಬಿ.ಎಡ್. "ಸ್ಲೋಲಿ" ಎನ್ನುತ್ತಾರೆ. "ನೋ ಪುಲ್. ಸ್ಲೋಲಿ." ನಾನು ಗಡಿಬಿಡಿ ಮಾಡಿದರೆ, "ಷಿ ಈಸ್ ನಾಟ್ ಯುವರ್ ಸ್ಟೂಡೆಂಟ್" ಎನ್ನುತ್ತಾರೆ. ಆಜ್ಞಾರ್ಥಕ ವಾಕ್ಯಗಳ ಪಾಠವನ್ನು ನಾನು ಅವರಿಗೆ ಮಾಡಿಯೇ ಇರಲಿಲ್ಲ. 'ನೋ ಪುಲ್' ಅಲ್ಲ, 'ಡೋಂಟ್ ಪುಲ್' ಎಂಬ ತಿದ್ದುಪಡಿ ನಾಲಿಗೆ ತುದಿಯವರೆಗೆ ಬರುತ್ತದೆ. ಆದರೆ ಅಷ್ಟರಲ್ಲಿ ರತ್ನಿ ಬಾಲ ಬೀಸಿ ನನ್ನ ಬಾಯಿಗೇ ಹೊಡೆಯುತ್ತದೆ, ಅತ್ತೆ ಕುರ್ಚಿಯಿಂದ "ಕರೆಕ್ಟ್!" ಎನ್ನುತ್ತಾರೆ.