ಮೊದಲ ಮಂಜಿನ ತನಕ ಸ್ಕೂಟರ್

ಲಂಡನ್ನಿನಲ್ಲಿ ಸ್ಕೂಟರ್ ಇಟ್ಟುಕೊಂಡವನಿಗೆ ವರ್ಷದ ಮುಕ್ಕಾಲು ಭಾಗ ಏನೂ ಆಗುವುದಿಲ್ಲ. ಆಗಬೇಕಾದದ್ದೆಲ್ಲ ಅಕ್ಟೋಬರ್ ಬಂದ ಮೇಲೆ ಸಾಲುಗಟ್ಟಿ ಆಗುತ್ತದೆ. ನನ್ನ ವಿಷಯದಲ್ಲಂತೂ ಹಾಗೆ.

ನಾನು ಮೈಸೂರಿನವನು. ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವ ಕೆಲಸ. ರೇನರ್ಸ್ ಲೇನಿನ ನಮ್ಮ ಮನೆಯಿಂದ ಅಲ್ಲಿಗೆ ಟ್ಯೂಬು ರೈಲು, ಬಸ್ಸು ಸೇರಿ ಒಂದು ಗಂಟೆ. ಸ್ಕೂಟರಿನಲ್ಲಿ ಇಪ್ಪತ್ತೈದು ನಿಮಿಷ. ಆ ಇಪ್ಪತ್ತೈದು ನಿಮಿಷ ನನ್ನನ್ನು ಯಾರೂ ಏನೂ ಕೇಳುವುದಿಲ್ಲ, ಫೋನ್ ಎತ್ತುವ ಹಾಗಿಲ್ಲ, ಯಾರ ಕಂಕುಳಿಗೂ ಮುಖ ಕೊಟ್ಟು ನಿಲ್ಲಬೇಕಾಗಿಲ್ಲ. ಆ ಗಾಡಿಯೆಂದರೆ ನನಗೆ ಪ್ರೀತಿ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ನನ್ನ ಹೆಂಡತಿ ಧಾರವಾಡದವಳು, ಇನ್ನೊಂದು ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು. ಸ್ಕೂಟರ್ ಓಡಿಸುವವರನ್ನು ಅವಳು ನೋಡುವುದೆಲ್ಲ ಮಲಗಿದ ಸ್ಥಿತಿಯಲ್ಲೇ. ಹೀಗಾಗಿ ಈ ಸಲ ಚಳಿಗೆ ಮೊದಲೇ ಒಂದು ಕರಾರು ಹಾಕಿದಳು.

"ನೋಡ್ರಿ, ರಸ್ತಾದ ಮ್ಯಾಲೆ ಯಾವತ್ತು ಮೊದಲನೇ ಸಲ ಮಂಜು ಹೆಪ್ಪುಗಟ್ಟತದ, ಅವತ್ತ ಈ ಗಾಡಿ ಮಾರಬೇಕು. ನಮ್ಮ ವಾರ್ಡಿನ ನರ್ಸ್ ಒಬ್ಬಾಕಿ ಆಗಲೇ ಕೇಳ್ಯಾಳ."

ನಾನು ಒಪ್ಪಿದೆ. ಮೂಳೆ ಡಾಕ್ಟರ ಹತ್ತಿರ ಮೂಳೆಯ ವಿಷಯದಲ್ಲಿ ವಾದ ಮಾಡಿ ಪ್ರಯೋಜನವಿಲ್ಲ. ಅಂದಿನಿಂದ ಇಬ್ಬರ ಫೋನಿನಲ್ಲೂ ಹವಾಮಾನದ ಆ್ಯಪ್ ಬಂತು. ನನ್ನದು ನಾಳೆ ಮೂರು ಡಿಗ್ರಿ ಅಂದರೆ ಅವಳದು ಒಂದು ಅನ್ನುತ್ತಿತ್ತು. ಆ್ಯಪುಗಳೂ ಗಂಡನ ಕಡೆ, ಹೆಂಡತಿಯ ಕಡೆ ಅಂತ ಇರುತ್ತವೆಂದು ನನಗೆ ಗೊತ್ತಿರಲಿಲ್ಲ.

ಎರಡು ನಿಂಬೆಹಣ್ಣು

ಆಯುಧಪೂಜೆಯ ದಿನ ಮಾತ್ರ ನನ್ನ ಹೆಂಡತಿಗೆ ಸ್ಕೂಟರಿನ ಮೇಲೆ ಸಿಟ್ಟಿರುವುದಿಲ್ಲ. ಮಾರುವುದಾದರೂ ಪೂಜೆ ಮಾಡಿಯೇ ಮಾರಬೇಕು ಎಂಬುದು ಅವಳ ನಿಲುವು. ಹೆಡ್‌ಲೈಟಿಗೆ ಕುಂಕುಮ ಹಚ್ಚಿ, ಕನ್ನಡಿಗೆ ಸೇವಂತಿಗೆ ಸುತ್ತಿ, ಎರಡು ಚಕ್ರದ ಮುಂದೆ ಎರಡು ನಿಂಬೆಹಣ್ಣು ಇಟ್ಟಳು. ನಾನು ಗಾಡಿ ಹತ್ತಿ ಅವನ್ನು ಜಜ್ಜಿಕೊಂಡು ಕೆಲಸಕ್ಕೆ ಹೊರಡುವುದಷ್ಟೇ ಬಾಕಿ. ಜಾಕೆಟ್ಟು, ಹೆಲ್ಮೆಟ್ಟು ಎಲ್ಲ ಹಾಕಿಕೊಂಡು ಸಿದ್ಧನಾಗಿದ್ದೆ, ಕೀ ಮಾತ್ರ ಇರಲಿಲ್ಲ. ಹುಡುಕಲು ಇಬ್ಬರೂ ಒಳಗೆ ಹೋದೆವು.

ಪಕ್ಕದ ಮನೆಗೆ ಹಿಂದಿನ ವಾರವಷ್ಟೇ ಒಬ್ಬ ಇಂಗ್ಲಿಷ್ ಹಿರಿಯರು ಬಂದಿದ್ದರು. ನಿವೃತ್ತ ಬಸ್ ಡ್ರೈವರು, ಒಬ್ಬರೇ ಇರುವುದು. ದಿನಕ್ಕೆ ಒಬ್ಬರಿಗಾದರೂ ಉಪಕಾರ ಮಾಡದಿದ್ದರೆ ಊಟ ಸೇರದ ಸ್ವಭಾವ. ನಾವು ಕೀ ಹಿಡಿದು ಬರುವಷ್ಟರಲ್ಲಿ ಅವರು ನಮ್ಮ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ನಮ್ಮ ನಿಂಬೆಹಣ್ಣು.

"ನಿಮ್ಮ ಚೀಲದಿಂದ ಬಿದ್ದುಹೋಗಿತ್ತು. ಮಣ್ಣಾಗಿತ್ತು, ತೊಳೆದು ತಂದಿದ್ದೀನಿ."

ನಾನು ಹೆಲ್ಮೆಟ್ಟಿನೊಳಗಿಂದಲೇ ತಲೆಯಾಡಿಸಿ ತೆಗೆದುಕೊಂಡೆ. ನಮ್ಮ ಕಡೆ ಪಕ್ಕದ ಮನೆಯವರಿಗೆ ಬಾಯಿಬಿಟ್ಟು ಥ್ಯಾಂಕ್ಸ್ ಹೇಳುವ ರೂಢಿಯಿಲ್ಲ, ಹೇಳಿದರೆ ಅವರನ್ನು ಹೊರಗಿನವರು ಮಾಡಿದ ಹಾಗೆ. ಅವರ ಕಣ್ಣೆದುರೇ ಎರಡೂ ಹಣ್ಣನ್ನು ಮತ್ತೆ ಚಕ್ರದ ಮುಂದಿಟ್ಟು, ಒಂದೊಂದಾಗಿ ಅಪ್ಪಚ್ಚಿ ಮಾಡಿ ಹೊರಟೆ.

ಸಂಜೆ ಬಂದಾಗ ಅಡುಗೆಮನೆಯ ಕಟ್ಟೆಯ ಮೇಲೆ ನಿಂಬೆಹಣ್ಣು ಹಿಂಡುವ ಸ್ಟೀಲಿನ ಸಾಮಾನೊಂದು ಹೊಳೆಯುತ್ತಿತ್ತು. ಎಲ್ಲಿಂದ ಬಂತು ಎಂದು ಕೇಳಿದೆ.

"ಬಾಜೂಮನಿ ಅಜ್ಜಾರು ಕೊಟ್ಟುಹೋದ್ರು," ಅಂದಳು ಹೆಂಡತಿ. "ತಮ್ಮ ಹತ್ರ ಎರಡು ಅವ ಅಂತ. ಪಾಪ, ಇನ್ನ ಮ್ಯಾಲೆ ಸ್ಕೂಟರ್ ಹಾಯಿಸಿ ಹಿಂಡೋದು ಬ್ಯಾಡ ಅಂದ್ರು."

ಹಾರ್ನ್

ಇಪ್ಪತ್ತು ವರ್ಷ ಮೈಸೂರಿನಲ್ಲಿ ಸ್ಕೂಟರ್ ಓಡಿಸಿದವನು ಇಲ್ಲಿ ಕಲಿಯುವವನೇ. ಮುಂದೆ ಹಿಂದೆ ಕೆಂಪು ಎಲ್ ಬೋರ್ಡು. ಎರಡು ವರ್ಷಕ್ಕೊಮ್ಮೆ ಒಂದು ದಿನದ ತರಬೇತಿಗೆ ಹೋಗಿ ಸರ್ಟಿಫಿಕೇಟ್ ತರಬೇಕು. ನನ್ನದು ನವೆಂಬರಿನಲ್ಲಿ ಮುಗಿಯುತ್ತಿತ್ತು. ಮಾರುವ ಗಾಡಿಗೆ ಇದೆಲ್ಲ ಯಾಕೆ ಎಂದು ಹೆಂಡತಿ ಕೇಳಿದಳು. ನಾನು ಕೇಳಿಸದವನಂತೆ ಹೋದೆ.

ಅಂದು ಜಡಿಮಳೆ, ಕೈ ಸೆಟೆದುಕೊಳ್ಳುವ ಚಳಿ. ಕಲಿಸುವವನು ತನ್ನ ಬೈಕಿನಲ್ಲಿ ನನ್ನ ಹಿಂದೆ ಬರುತ್ತ, ಹೆಲ್ಮೆಟ್ಟಿನೊಳಗಿನ ಮೈಕಿನಲ್ಲಿ ಎಡ, ಬಲ ಎಂದು ಹೇಳುತ್ತಿದ್ದ. ನಾನು ಪ್ರತಿ ತಿರುವಿಗೂ ತಪ್ಪದೆ ಒಂದೊಂದು ಹಾರ್ನ್ ಹೊಡೆದು ತಿರುಗಿದೆ. ಆರೇಳು ತಿರುವು ಕಳೆದ ಮೇಲೆ ಪಕ್ಕಕ್ಕೆ ನಿಲ್ಲಿಸು ಎಂದ.

"ನಿಮಗೆ ಯಾರ ಮೇಲೆ ಕೋಪ?"

"ಯಾರ ಮೇಲೂ ಇಲ್ಲವಲ್ಲ."

"ಮತ್ತೆ ಹಾರ್ನ್?"

"ನಾನು ಬರ್ತಾ ಇದ್ದೀನಿ ಅಂತ ತಿಳಿಸ್ತಾ ಇದ್ದೆ."

ಅವನು ಕೈಗವಸಿನಿಂದ ಕನ್ನಡಕದ ನೀರು ಒರೆಸಿಕೊಂಡು ಬಹಳ ಮರ್ಯಾದೆಯಿಂದ ಹೇಳಿದ: "ಸರ್, ಇಲ್ಲಿ ಯಾರೂ ಕೇಳಿಲ್ಲ."

ಸರ್ಟಿಫಿಕೇಟ್ ಕೊಟ್ಟ. ಅದನ್ನು ಮಡಿಚಿ ಒಳಜೇಬಿನಲ್ಲಿಟ್ಟುಕೊಂಡು ದಾರಿಯುದ್ದಕ್ಕೂ ಹಾರ್ನ್ ಮುಟ್ಟದೆ ಬಂದೆ. ಮನೆ ತಿರುವಿನಲ್ಲಿ ಮಾತ್ರ ತಡೆಯಲಾಗಲಿಲ್ಲ.

ಮಂಕಿ ಕ್ಯಾಪ್

ಅಕ್ಟೋಬರ್ ಕೊನೆಯ ವಾರದಿಂದ ಹೆಲ್ಮೆಟ್ಟಿನೊಳಗೆ ನನ್ನ ಕಂದು ಮಂಕಿ ಕ್ಯಾಪ್ ಸೇರಿಕೊಳ್ಳುತ್ತದೆ. ಅದರ ಕೆಳಗೆ ಮಫ್ಲರ್. ಜಾಕೆಟ್ಟಿನೊಳಗೆ, ಎದೆಯ ಮೇಲೆ, ಗಾಳಿ ತಡೆಯಲು ನಾಲ್ಕು ಪದರ ನ್ಯೂಸ್‌ಪೇಪರ್. ಇದು ನಮ್ಮಪ್ಪನಿಂದ ಬಂದ ವಿದ್ಯೆ. ಉಸಿರಾಡಿದರೆ ಪರಪರ ಸದ್ದು ಬರುತ್ತದೆ, ಅಷ್ಟೇ.

ಒಂದು ಸಂಜೆ ಕೊತ್ತಂಬರಿ ಸೊಪ್ಪಿಗೆ ನಮ್ಮ ರಸ್ತೆಯ ಇಂಡಿಯನ್ ಅಂಗಡಿಗೆ ಹೋದೆ. ಹೆಲ್ಮೆಟ್ ತೆಗೆದು ಒಳಗೆ ಬನ್ನಿ ಎಂದು ಬೋರ್ಡು ಹಾಕಿದ್ದರು. ಗಲ್ಲಾದಲ್ಲಿದ್ದ ಗುಜರಾತಿ ಹೆಂಗಸು ಬೋರ್ಡಿನ ಕಡೆ ಬೆರಳು ತೋರಿಸಿದಳು. ಹೆಲ್ಮೆಟ್ ತೆಗೆದೆ. ಮಂಕಿ ಕ್ಯಾಪಿನಲ್ಲಿ ಎರಡು ಕಣ್ಣು ಮಾತ್ರ ಕಂಡವು. ಅವಳ ಕೈ ಗಲ್ಲಾದ ಮುಚ್ಚಳದ ಮೇಲೆ ಹೋಯಿತು.

"ಅದನ್ನೂ ತೆಗೀರಿ."

ತೆಗೆದೆ. ಮೂಗಿನ ತನಕ ಮಫ್ಲರ್ ಇತ್ತು.

"ಅದೂ."

ಮಫ್ಲರ್ ಬಿಚ್ಚಿದೆ. ಒತ್ತಿಕೊಂಡ ಕೂದಲು, ಸೋರುವ ಮೂಗು, ಕೆಂಪು ಕಿವಿ. ಅವಳು ಒಂದು ಕ್ಷಣ ನೋಡಿ, "ಸರಿ ಸರಿ, ಹಾಕ್ಕೊಂಡುಬಿಡಿ," ಅಂದಳು.

ಪಕ್ಕದ ಮನೆಯ ಹಿರಿಯರಿಗಂತೂ ನಾನೆಂದರೆ ಹೆಲ್ಮೆಟ್ಟೇ. ನಾನು ಹೊರಡುವಾಗ, ಬರುವಾಗ ಕಿಟಕಿಯಿಂದ ಹೆಲ್ಮೆಟ್ಟಿಗೆ ಕೈಬೀಸುತ್ತಿದ್ದರು. ಒಂದು ಭಾನುವಾರ ಬರಿತಲೆಯಲ್ಲಿ ಕಸದ ಡಬ್ಬ ಹೊರಗಿಡಲು ಹೋದೆ. ಗುರುತಿಲ್ಲದವರಿಗೆ ಅಂದ ಹಾಗೆ ಗುಡ್ ಮಾರ್ನಿಂಗ್ ಅಂದರು, ಅಷ್ಟೇ. ಸೋಮವಾರ ಹೆಲ್ಮೆಟ್ಟಿನಲ್ಲಿ ಕಂಡ ಕೂಡಲೇ ಬೇಲಿಯ ಹತ್ತಿರ ಬಂದರು.

"ನಿಮ್ಮ ಮನೆಗೆ ನೆಂಟರು ಬಂದಿದ್ದರಲ್ಲ, ಹೋದರಾ?"

ನನಗೆ ಡ್ಯೂಟಿಗೆ ಹೊತ್ತಾಗಿತ್ತು. ಇದನ್ನೆಲ್ಲ ಬಿಡಿಸಿ ಹೇಳಲು ಐದು ನಿಮಿಷವಾದರೂ ಬೇಕು. "ಹೋದರು," ಅಂದೆ.

ವಾಲಿಸುವುದು

ಮೈಸೂರಿನಲ್ಲಿ ನಮ್ಮಪ್ಪನ ಹಳೆಯ ಸ್ಕೂಟರು ಚಳಿಗೆ ಒಂದೇ ಒದೆತಕ್ಕೆ ಏಳುತ್ತಿರಲಿಲ್ಲ. ಹ್ಯಾಂಡಲ್ ಹಿಡಿದು ಒಂದು ಪಕ್ಕಕ್ಕೆ ನೆಲ ಮುಟ್ಟುವಷ್ಟು ವಾಲಿಸಿ, ಪೆಟ್ರೋಲ್ ಇಳಿದಿದೆ ಅನ್ನಿಸಿದ ಮೇಲೆ ನೆಟ್ಟಗೆ ಮಾಡಿ ಒದೆಯಬೇಕು. ನಲವತ್ತು ದಾಟಿದ ಮೈಸೂರಿನವರ ಕೈಯಿಂದ ಈ ಅಭ್ಯಾಸ ಬಿಡಿಸಲು ಸಾಧ್ಯವಿಲ್ಲ. ಇಲ್ಲಿಯ ಗಾಡಿಗೆ ಗುಂಡಿ ಒತ್ತಿದರೆ ಸಾಕು ಎಂದು ನನಗೂ ಗೊತ್ತು. ಆದರೆ ಬೆಳಿಗ್ಗೆ ಬಾಯಲ್ಲಿ ಹೊಗೆ ಬರುವಂಥ ಚಳಿ ಕಂಡರೆ ಕೈ ತಾನಾಗಿ ವಾಲಿಸಿಬಿಡುತ್ತದೆ.

ತೊಂದರೆಯೆಂದರೆ, ಈ ಗಾಡಿಗೆ ಕಳ್ಳರ ಭಯಕ್ಕೆ ಅಲಾರಂ ಇದೆ, ವಾಲಿಸಿದರೆ ಕೂಗುತ್ತದೆ. ಹೀಗೆ ನವೆಂಬರ್ ಪೂರ್ತಿ ನನ್ನ ಗಾಡಿಯನ್ನು ನಾನೇ ಕದಿಯುವವನಂತೆ ಬೀದಿ ಎಬ್ಬಿಸಿಕೊಂಡು ಕೆಲಸಕ್ಕೆ ಹೋದೆ. ಮೊದಲ ದಿನ ಪಕ್ಕದ ಮನೆಯವರು ಡ್ರೆಸ್ಸಿಂಗ್ ಗೌನಿನಲ್ಲೇ ಛತ್ರಿ ಹಿಡಿದು ಓಡಿಬಂದರು.

"ಕಳ್ಳನಾ?"

"ಅಲ್ಲ, ನಾನೇ. ಪೆಟ್ರೋಲ್ ಇಳಿಸ್ತಾ ಇದ್ದೀನಿ."

ಮೂವತ್ತು ವರ್ಷ ಬಸ್ ಓಡಿಸಿದವರು. ಇದು ಯಾವ ಎಂಜಿನ್ನಿನ ಶಾಸ್ತ್ರ ಎಂದು ಕೇಳಬಹುದಿತ್ತು, ಕೇಳಲಿಲ್ಲ. ಮಾರನೆಯ ದಿನ ಅಲಾರಂ ಕೂಗಿದಾಗ ಕಿಟಕಿಯಿಂದ ಕೈಬೀಸಿದರು. ಮೂರನೆಯ ದಿನ ತಾವೇ ಹೊರಗೆ ಬಂದು ಇನ್ನೊಂದು ಪಕ್ಕ ಹಿಡಿದುಕೊಂಡು ವಾಲಿಸಲು ನೆರವಾದರು. ನಾನು ತಲೆಯಾಡಿಸಿ ಹೊರಟೆ.

ಒಂದು ದಿನ ಮನಸ್ಸು ಗಟ್ಟಿಮಾಡಿ, ವಾಲಿಸದೆ, ಗುಂಡಿ ಒತ್ತಿ ಸ್ಟಾರ್ಟ್ ಮಾಡಿದೆ. ಬೀದಿ ಕೊನೆ ಮುಟ್ಟುವಷ್ಟರಲ್ಲಿ ಕನ್ನಡಿಯಲ್ಲಿ ಅವರು ಚಪ್ಪಲಿಯಲ್ಲಿ ಓಡಿಬರುವುದು ಕಾಣಿಸಿತು. ಗಾಬರಿಯಾಗಿ ನಿಲ್ಲಿಸಿದೆ.

ಏದುಸಿರು ಬಿಡುತ್ತ ಅವರು ಹೇಳಿದರು: "ಇವತ್ತು ವಾಲಿಸೋದು ಮರೆತಿರಿ!"

ಮೊದಲ ಮಂಜು

ಡಿಸೆಂಬರಿನ ಮೊದಲ ವಾರ ಎರಡು ಆ್ಯಪೂ ಒಂದೇ ಮಾತು ಹೇಳಿದವು: ನಾಳೆ ಸೊನ್ನೆಗಿಂತ ಕೆಳಗೆ. ಹೆಂಡತಿ ನರ್ಸಿಗೆ ಫೋನ್ ಮಾಡಿ, ಶನಿವಾರ ಬಂದು ಗಾಡಿ ನೋಡು ಎಂದಳು. ನಾನು ಊಟ ಸರಿಯಾಗಿ ಮಾಡಲಿಲ್ಲ. ಮಾಡಲಿಲ್ಲ ಎಂಬುದನ್ನು ಯಾರೂ ಗಮನಿಸಲೂ ಇಲ್ಲ.

ಮರುದಿನ ನನ್ನ ಡ್ಯೂಟಿ ಒಂಬತ್ತಕ್ಕೆ. ಕೊನೆಯ ಸಲವಾದರೂ ಓಡಿಸಿಕೊಂಡು ಹೋಗೋಣ ಎಂದುಕೊಂಡು ಏಳೂಕಾಲಿಗೆ ಕಾಫಿ ಲೋಟ ಹಿಡಿದು ಬಾಗಿಲು ತೆಗೆದೆ. ಇನ್ನೂ ಅರೆಗತ್ತಲು. ಹುಲ್ಲೆಲ್ಲ ಬೆಳ್ಳಗೆ, ನೆಲ ಮಿರಮಿರ. ಸ್ಕೂಟರ್ ನಿಲ್ಲಿಸುವ ಜಾಗ ಖಾಲಿ.

ಮಾರುವುದೇ ಬೇರೆ, ಹೀಗೆ ಹೇಳದೆ ಕೇಳದೆ ಹೋಗುವುದೇ ಬೇರೆ. ಅಷ್ಟರಲ್ಲಿ ಪಕ್ಕದ ಮನೆಯವರ ಕಾರು ಬಂದು ನಿಂತಿತು. ಇಳಿದವರು ನನ್ನ ಬರಿತಲೆ ನೋಡಿ ನಕ್ಕರು.

"ಓ, ಮತ್ತೆ ಬಂದಿದ್ದೀರಾ? ಏನೂ ಯೋಚನೆ ಮಾಡಬೇಡಿ, ನಿಮ್ಮ ಸ್ನೇಹಿತರನ್ನ ಸ್ಟೇಷನ್ನಿಗೆ ಬಿಟ್ಟುಬಂದೆ."

"ಯಾವ ಸ್ನೇಹಿತರು?"

"ಈ ಮನೆಯವರೇ. ಸ್ಕೂಟರ್ ಸ್ಟಾರ್ಟ್ ಆಗಲಿಲ್ಲ, ಪಾಪ."

"ಈ ಮನೆಯವನು ನಾನೇ," ಅಂದೆ. ಅವರು ನಂಬಲಿಲ್ಲ. ಒಳಗೆ ಹೋಗಿ ಮಂಕಿ ಕ್ಯಾಪ್, ಹೆಲ್ಮೆಟ್ ಹಾಕಿಕೊಂಡು ಬಂದೆ. ಅವರ ಮುಖ ಬಿಳಿಚಿಕೊಂಡಿತು.

ನಡೆದದ್ದು ಇಷ್ಟು. ಅವರು ಕಾರಿನ ಗಾಜಿನ ಮಂಜು ಕೆರೆಯಲು ಏಳಕ್ಕೆ ಮೊದಲೇ ಹೊರಗೆ ಬಂದಿದ್ದಾರೆ. ಹೆಲ್ಮೆಟ್ ಹಾಕಿದ ಒಬ್ಬ ನನ್ನ ಸ್ಕೂಟರನ್ನು ವಾಲಿಸುತ್ತಿದ್ದಾನೆ. ಇವರು ಅಭ್ಯಾಸದಂತೆ ಹೋಗಿ ಇನ್ನೊಂದು ಪಕ್ಕ ಹಿಡಿದಿದ್ದಾರೆ. ಅಲಾರಂ ಕೂಗಲಿಲ್ಲ, ಅಂತೂ ರಿಪೇರಿ ಮಾಡಿಸಿದ ಎಂದು ಸಂತೋಷಪಟ್ಟಿದ್ದಾರೆ. ಸ್ಟಾರ್ಟ್ ಆಗದಿದ್ದಾಗ ಬೀದಿ ಕೊನೆಯ ಅಂಚೆ ಡಬ್ಬದ ತನಕ ತಳ್ಳಿಕೊಟ್ಟಿದ್ದಾರೆ. ಅಲ್ಲೂ ಆಗದಿದ್ದಾಗ, "ಗಾಡಿ ಇಲ್ಲೇ ಇರಲಿ, ನಾನು ನೋಡಿಕೊಳ್ತೀನಿ, ನಿಮಗೆ ಹೊತ್ತಾಗುತ್ತೆ," ಎಂದು ಬಲವಂತವಾಗಿ ಕಾರಿಗೆ ಹತ್ತಿಸಿಕೊಂಡು ಟ್ಯೂಬ್ ಸ್ಟೇಷನ್ನಿಗೆ ಬಿಟ್ಟಿದ್ದಾರೆ. ಕಳ್ಳ ಬೇಡ ಬೇಡ ಎಂದು ಎಷ್ಟು ಕೈಯಾಡಿಸಿದರೂ ಬಿಟ್ಟಿಲ್ಲ.

ಗಲಾಟೆಗೆ ಹೆಂಡತಿ ಕೆಳಗೆ ಬಂದಳು. "ಸ್ಟಾರ್ಟ್ ಯಾಕೆ ಆಗಲಿಲ್ಲ?" ಎಂದು ನಾನು ಕೇಳಿದ್ದು ಅವಳನ್ನಲ್ಲ. ಆದರೆ ಉತ್ತರ ಕೊಟ್ಟವಳು ಅವಳೇ.

"ಬ್ಯಾಟರಿ ಜ್ವಾಳದ ಹಿಟ್ಟಿನ ಡಬ್ಬ್ಯಾಗ ಅದ."

"ಏನು?"

"ಹಿಂಗ್ಯಾಕ ನೋಡ್ತೀರಿ? ಇವತ್ತ ಮಂಜು ಬೀಳತದ, ಆದ್ರೂ ನೀವು ಓಡಿಸ್ಕೊಂಡು ಹೋಗವರ ಅಂತ ಗೊತ್ತಿತ್ತು. ನಿನ್ನೆ ಸಂಜೀನ ಬಿಚ್ಚಿ ಇಟ್ಟೀನಿ."

ಮೂಳೆಗೆ ಸ್ಕ್ರೂ ಹಾಕಿ ತೆಗೆಯುವವಳಿಗೆ ಬ್ಯಾಟರಿ ಬಿಚ್ಚುವುದು ಯಾವ ಮಹಾ! ಒಟ್ಟಿನಲ್ಲಿ, ಈ ಗಾಡಿ ತೊಲಗಲಿ ಎಂದು ಎರಡು ತಿಂಗಳಿಂದ ಕಾಯುತ್ತಿದ್ದವಳು, ಒಬ್ಬ ಪುಕ್ಕಟೆ ಒಯ್ಯಲು ಬಂದಾಗ ತಾನೇ ಅಡ್ಡ ಬಂದಿದ್ದಳು.

ಮೂವರೂ ಹೋಗಿ ಅಂಚೆ ಡಬ್ಬದ ಪಕ್ಕದಿಂದ ಸ್ಕೂಟರ್ ತಳ್ಳಿಕೊಂಡು ಬಂದೆವು. ಹ್ಯಾಂಡಲಿನ ಬೀಗ ಮುರಿದಿತ್ತು, ಬೇರೇನೂ ಆಗಿರಲಿಲ್ಲ. ಹೆಂಡತಿ ಅದನ್ನು ರೋಗಿಯ ಮಣಿಕಟ್ಟು ನೋಡುವ ಹಾಗೆ ಆ ಕಡೆ ಈ ಕಡೆ ತಿರುಗಿಸಿ ನೋಡಿದಳು.

"ಇಂಥಾದ್ದು ಕೊಟ್ಟು ಆ ನರ್ಸಿನ ಮುಂದ ಮರ್ಯಾದಿ ಕಳಕೊಳ್ಳೋದು ಬ್ಯಾಡ. ನಿಮ್ಮ ಹತ್ರನ ಇರ್ಲಿ. ಮಂಜು ಬಿದ್ದ ದಿವಸ ಮಾತ್ರ ಬ್ಯಾಟರಿ ನನ್ನ ಹತ್ರ."

ನನಗೆ ಆ ಕಳ್ಳನ ಮೇಲೆ ಅಭಿಮಾನವೇ ಹುಟ್ಟಿತು. ಪೊಲೀಸರಿಗೆ ಫೋನ್ ಮಾಡಿದೆ. ಕಳ್ಳ ಹೇಗೆ ತಪ್ಪಿಸಿಕೊಂಡ ಎಂದು ಆ ಕಡೆಯ ಹೆಂಗಸು ಕೇಳಿದಳು. ಪಕ್ಕದ ಮನೆಯವರು ಡ್ರಾಪ್ ಕೊಟ್ಟರು ಅಂದೆ. ಅವಳು ಕೇಳಿದ್ದನ್ನೇ ಇನ್ನೊಂದು ಸಲ ಕೇಳಿದಳು.

ಹಿರಿಯರು ನಮ್ಮ ಅಡುಗೆಮನೆಯಲ್ಲಿ ತಲೆತಗ್ಗಿಸಿ ಕೂತಿದ್ದರು. ಹೆಂಡತಿ ಬಿಸಿ ಉಪ್ಪಿಟ್ಟು, ಚಹಾ ಅವರ ಮುಂದಿಟ್ಟು ಮೆಲ್ಲಗೆ ಕೇಳಿದಳು, ಅಷ್ಟು ಹೊತ್ತು ಜೊತೆಗಿದ್ದರೂ ನಿಮಗೆ ಒಂದು ಸಲವೂ ಅನುಮಾನ ಬರಲಿಲ್ಲವೇ ಎಂದು.

ಅವರು ಚಮಚ ಕೆಳಗಿಟ್ಟು ಯೋಚಿಸಿದರು.

"ಒಂದು ಸಲ ಬಂತು. ಸ್ಟೇಷನ್ನಿನಲ್ಲಿ ಇಳಿಯುವಾಗ ಅವನು ನನಗೆ ಥ್ಯಾಂಕ್ಯೂ ಅಂದ. ಆಗಲೇ ತಿಳೀಬೇಕಿತ್ತು, ಇದು ನಿಮ್ಮ ಯಜಮಾನರಲ್ಲ ಅಂತ."