ಕ್ಯಾಂಡಲ್ ಬದಲಿಸುವ ವಿಡಿಯೋ

ಕೈಪಿಡಿ ಬರೆಯುವವರ ಕೆಲಸದಲ್ಲಿ ನಗುವಂಥದ್ದು ಏನಿರುತ್ತೆ ಎಂದು ನೆಂಟರು ಕೇಳುತ್ತಾರೆ. ಆಗಾಗ ಇದ್ದೇ ಇರುತ್ತದೆ. ಆದರೆ ನಡೆಯುವಾಗ ನಗು ಬರುವುದಿಲ್ಲ, ಬೆವರು ಬರುತ್ತದೆ.

ಕೈಪಿಡಿ ಅಂದರೆ, ಹೊಸ ಯಂತ್ರದ ಡಬ್ಬಿಯಲ್ಲಿ ಬರುತ್ತದಲ್ಲ, ನೀವು ತೆಗೆದು ಪಕ್ಕಕ್ಕಿಡುತ್ತೀರಲ್ಲ, ಆ ಪುಸ್ತಕ. ಜೆ.ಪಿ. ನಗರದಲ್ಲಿ ನೀರಿನ ಫಿಲ್ಟರ್ ಮಾಡುವ ಸಣ್ಣ ಕಂಪನಿಗೆ ನಾನು ಅದನ್ನು ಬರೆಯುತ್ತೇನೆ. ಆಗಿನ್ನೂ ಕೆಲಸ ಖಾಯಂ ಆಗಿರಲಿಲ್ಲ.

ಮ್ಯಾನೇಜರ್ ಕರೆದರು. "ಪುಸ್ತಕ ಯಾರೂ ಓದಲ್ಲ ಕಣ್ರೀ. ಕ್ಯಾಂಡಲ್ ಬದಲಾಯಿಸೋದು ಹೇಗೆ ಅಂತ ಒಂದು ವಿಡಿಯೋ ಮಾಡಿ. ಅದನ್ನ ನೋಡಿ ಮನೇಲಿ ಒಬ್ಬರಾದ್ರೂ ತಾವೇ ಬದಲಾಯಿಸಿಬಿಟ್ರೆ ನೀವು ಖಾಯಂ. ಇಲ್ಲಾಂದ್ರೆ..." ಎಂದು ಬಾಗಿಲ ಕಡೆ ನೋಡಿದರು.

(ಕ್ಯಾಂಡಲ್ ಅಂದರೆ ಫಿಲ್ಟರಿನೊಳಗಿನ ಬಿಳಿ ಕೊಳವೆ. ಕರೆಂಟ್ ಹೋದಾಗ ಹಚ್ಚುವುದಲ್ಲ.)

ಆಂಟಿಯ ಅಡುಗೆಮನೆ

ಬನಶಂಕರಿಯಲ್ಲಿ ನಾನು ಬಾಡಿಗೆಗಿರುವ ಮನೆಯ ಓನರ್ ಆಂಟಿ ಹತ್ತಿರ ನಮ್ಮದೇ ಫಿಲ್ಟರ್ ಇತ್ತು. ಚಿತ್ರೀಕರಣಕ್ಕೆ ಒಪ್ಪಿದರು. ನಮ್ಮ ಕಂಪನಿಯ ಮೆಕ್ಯಾನಿಕ್ ಬಂದು ಸ್ಪ್ಯಾನರ್ ಕೈಗೆತ್ತಿಕೊಂಡಾಗ ಆಂಟಿ ತಡೆದರು.

"ರಾಹುಕಾಲ ಕಣೋ. ಈಗ ಬಿಚ್ಚಬೇಡ."

"ಮೇಡಂ, ನಂಗೆ ಹುಳಿಮಾವಲ್ಲಿ ಇನ್ನೊಂದು ಕೆಲಸ ಇದೆ," ಎಂದ ಅವನು ನನ್ನನ್ನು ನೋಡಿ. ಕಿಟಕಿಯ ಬೆಳಕು ಬೇರೆ ಇಳಿಯುತ್ತಿತ್ತು. ಬೆಳಕು ಹೋದರೆ ವಿಡಿಯೋ ಇಲ್ಲ, ವಿಡಿಯೋ ಇಲ್ಲದಿದ್ದರೆ ಕೆಲಸವೂ ಇಲ್ಲ.

ರಾಹುಕಾಲ ಮುಗಿಯುವಷ್ಟರಲ್ಲಿ ಆಂಟಿ ಅಟ್ಟದ ಮೇಲಿನ ಸ್ಟೀಲ್ ಡಬ್ಬಿಗಳನ್ನೆಲ್ಲ ಇಳಿಸಿ, ತಿಕ್ಕಿ, ಫಿಲ್ಟರಿನ ಸುತ್ತ ಜೋಡಿಸಿದ್ದರು. ಮೆಕ್ಯಾನಿಕ್ ಸುತ್ತಲೂ ನೋಡಿ ಕೇಳಿದ: "ಮೇಡಂ, ಫಿಲ್ಟರ್ ಎಲ್ಲಿ?"

ಮೊದಲ ಪ್ರದರ್ಶನ

ಆಫೀಸಿನಲ್ಲಿ ಎಲ್ಲರಿಗೂ ವಿಡಿಯೋ ತೋರಿಸಿದೆ. ಮುಗಿದಾಗ ಅಕೌಂಟ್ಸ್ ಮೇಡಂ ಕೈ ಎತ್ತಿದರು.

"ಆ ಒಗ್ಗರಣೆ ಡಬ್ಬಿ ಎಲ್ಲಿ ಸಿಗುತ್ತೆ?"

ಮ್ಯಾನೇಜರ್ ಮಾತ್ರ ಗಂಭೀರವಾಗಿದ್ದರು. "ಶುರುವಾದ ತಕ್ಷಣ 'ಮೊದಲು ನಲ್ಲಿ ಮುಚ್ಚಿ' ಅಂದ್ರೆ ಹೇಗ್ರೀ? ಒಂದು ಸ್ವಾಗತ ಬೇಡ್ವಾ?" ಎಂದು ಕೋಟು ತೊಟ್ಟು, ಕಂಪನಿ ಬೆಳೆದುಬಂದ ದಾರಿಯ ಬಗ್ಗೆ ಭಾಷಣ ಮಾಡಿ, ಅದನ್ನು ವಿಡಿಯೋದ ಆರಂಭಕ್ಕೆ ಸೇರಿಸಿದರು.

"ಸಾರ್, ಯಾರಾದ್ರೂ ವಿಡಿಯೋ ಹಾಕಿಕೊಂಡೇ ಬಿಚ್ಚೋಕೆ ಶುರುಮಾಡಿದ್ರೆ? ಅಂದ್ರೆ, ನಲ್ಲಿ ಮುಚ್ಚೋ ವಿಷಯ ಬರೋ ಮೊದಲೇ..."

"ಪೂರ್ತಿ ನೋಡದೆ ಕೈ ಹಾಕೋಕೆ ಜನ ಏನು ದಡ್ಡರೇನ್ರೀ?"

ಭಾನುವಾರ

ಭಾನುವಾರ ಬೆಳಿಗ್ಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಹಿಂದೆ ಸುರಿಯುವ ನೀರಿನ ಸದ್ದು.

"ಯಾರಮ್ಮ, ವಿಡಿಯೋ ಮಾಡಿದೋಳು ನೀನೇನಾ? ನಾನು ಜಯನಗರದಿಂದ, ನಿಮ್ಮ ಮ್ಯಾನೇಜರ್ ತಾಯಿ. ಇವನು ಕ್ಯಾಂಡಲ್ ಬದಲಾಯಿಸ್ತೀನಿ ಅಂತ ಬಿಚ್ಚಿದಾನೆ. ಅಡುಗೆಮನೆ ಕೆರೆ ಆಗಿದೆ!"

"ವಿಡಿಯೋ ಮುಂದಕ್ಕೆ ಓಡಿಸೋಕೆ ಹೇಳಿ ಅಮ್ಮಾ!"

"ಕೈ ಒದ್ದೆ ಕಣೇ, ವಿಡಿಯೋ ಓಡ್ತಿರೋ ಫೋನು ಇವನ ಬೆರಳಿಗೆ ಜಗ್ಗ್ತಾನೇ ಇಲ್ಲ!"

ಆ ಫೋನಿನಿಂದ ಮ್ಯಾನೇಜರ್ ಸಾರ್ ದನಿ ತೇಲಿ ಬಂತು: "ಪ್ರತಿ ಹನಿಯ ಬಗ್ಗೆಯೂ ನಮಗೆ ಕಾಳಜಿ ಇದೆ..."

ಅಮ್ಮ ಗುಡುಗಿದರು: "ನೀರನ್ನಾದ್ರೂ ನಿಲ್ಲಿಸೋ, ಇಲ್ಲ ಆ ಭಾಷಣವನ್ನಾದ್ರೂ ನಿಲ್ಲಿಸೋ!"

ನಾನು "ಅಮ್ಮಾ, ಒಳಬರುವ ನೀರಿನ ವಾಲ್ವ್ ಅಂದ್ರೆ, ಅದು ಏನಪ್ಪಾ ಅಂದ್ರೆ..." ಎಂದು ಶುರುಮಾಡಿದೆ.

"ಏನು ಅನ್ನೋದು ಆಮೇಲೆ ಹೇಳು. ಎಲ್ಲಿದೆ?"

"ಸಿಂಕ್ ಕೆಳಗೆ. ನೀಲಿ ಹಿಡಿ."

ಸದ್ದು ನಿಂತಿತು. ಭಾಷಣ ನಿಲ್ಲಲಿಲ್ಲ.

ಸೋಮವಾರ ಮ್ಯಾನೇಜರ್ ಕರೆದಾಗ, ಮೇಜಿನ ಮೇಲಿನ ನನ್ನ ಸಾಮಾನನ್ನೆಲ್ಲ ಬ್ಯಾಗಿಗೆ ತುಂಬಿಕೊಂಡೇ ಹೋದೆ.

"ಭಾಷಣ ತೆಗೆದುಬಿಡಿ," ಎಂದರು, ತಲೆ ಎತ್ತದೆ. "ಮತ್ತೆ, ನೀವು ಖಾಯಂ."

"ಸಾರ್?"

"ಮನೇಲಿ ಒಬ್ಬರಾದ್ರೂ ವಿಡಿಯೋ ನೋಡಿ ತಾವೇ ಬದಲಾಯಿಸಿದ್ರೆ ಅಂದಿದ್ನಲ್ಲ. ನನ್ನ ಭಾಷಣ ಮುಗಿದ ಮೇಲೆ ಅಮ್ಮ ಮಿಕ್ಕಿದ್ದನ್ನ ನೋಡ್ಕೊಂಡು ಬದಲಾಯಿಸಿದ್ರು."

"ನೀವು, ಸಾರ್?"

"ನೆಲ ಒರೆಸಿದೆ."