ಕಪ್ ಉಜ್ಜಿದ ಮೇಷ್ಟ್ರು

ಎಲ್ಲದಕ್ಕೂ ಕಾರಣ ಅರ್ಧ ನಿಂಬೆಹಣ್ಣು.

ವಿಶ್ವವಿದ್ಯಾಲಯದ ಕ್ರೀಡಾ ತಂಡಗಳ ಚರಿತ್ರೆ ಬರೆಯುವ ಕೆಲಸ ಇತಿಹಾಸದ ಮೇಷ್ಟ್ರ ತಲೆಗೆ ಬಿದ್ದಿತ್ತು. ಅವರದು ಹಂಗಾಮಿ ನೌಕರಿ. "ಪುಸ್ತಕ ಬಿಡುಗಡೆ ಆಗ್ಲಿ, ಅವತ್ತೇ ನಿಮ್ಮನ್ನ ಕಾಯಂ ಮಾಡ್ತೀನ್ರೀ" ಎಂದು ಕುಲಪತಿಗಳು ಮಾತು ಕೊಟ್ಟಿದ್ದರು. ಆದರೆ ಬರೆಯಲು ಇದ್ದದ್ದಾದರೂ ಏನು? ಹಾಕಿಯಲ್ಲಿ ಸೋಲು, ವಾಲಿಬಾಲಿನಲ್ಲಿ ಸೋಲು. ಈಜಿನ ತಂಡದ ನಾಯಕನನ್ನಂತೂ ಎದುರಾಳಿಗಳೇ ಎತ್ತಿ ದಡಕ್ಕೆ ಹಾಕಿದ್ದರು. ಮಾನ ಉಳಿಸಿದ್ದು ಗಾಜಿನ ಬೀರುವಿನಲ್ಲಿದ್ದ ಒಂದೇ ಒಂದು ಫುಟ್‌ಬಾಲ್ ಕಪ್. ಹೊಳೆಯಾಚೆಯ ವಿಶ್ವವಿದ್ಯಾಲಯವನ್ನು ಸೋಲಿಸಿ ಗೆದ್ದದ್ದು ಎಂದು ಎಲ್ಲರೂ ಹೇಳುತ್ತಿದ್ದರು. ಮೇಷ್ಟ್ರು ಅದನ್ನೇ ಹಿಗ್ಗಿಸಿ ಮೊದಲ ಅಧ್ಯಾಯ ಮಾಡಿದ್ದರು.

ಬಿಡುಗಡೆಯ ದಿನ ಬೆಳಿಗ್ಗೆ ಹೆಂಡತಿ ಅವರ ಚೀಲಕ್ಕೆ ಅರ್ಧ ನಿಂಬೆಹಣ್ಣು, ಒಂದಿಷ್ಟು ಉಪ್ಪು ತುರುಕಿದಳು.

"ಮಸಿ ಹಿಡಿದ ಪಾತ್ರೆ ಥರ ಇದೆ ಆ ಕಪ್ಪು. ಅತಿಥಿಗಳ ಮುಂದೆ ಹಾಗೇ ಇಡ್ತೀರಾ? ಉಜ್ಜಿ!"

ಮೇಷ್ಟ್ರು ಉಜ್ಜಿದರು. ಮಸಿ ಬಿಟ್ಟು ಬೆಳ್ಳಿ ಕಂಡಿತು. ಇನ್ನಷ್ಟು ಉಜ್ಜಿದರು. ಅಕ್ಷರ ಕಂಡವು: "ವಿಜೇತರು: ಹೊಳೆಯಾಚೆಯ ವಿಶ್ವವಿದ್ಯಾಲಯ."

ಮೇಷ್ಟ್ರು ಕಪ್ಪನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ಓದಿದರು. ಬೀರುವಿನ ಬೀಗ ತೆಗೆದುಕೊಟ್ಟು ಪಕ್ಕದಲ್ಲೇ ನಿಂತಿದ್ದ ದೈಹಿಕ ಶಿಕ್ಷಣದವರು, ಕೊರಳಲ್ಲಿ ಸದಾ ಸೀಟಿ ನೇತಾಡುವುದರಿಂದ ಸೀಟಿ ಮೇಷ್ಟ್ರು ಎಂದೇ ಹೆಸರಾದವರು, ಗಾಬರಿಯಲ್ಲಿ ಪಿರ್ರೆಂದು ಊದಿಯೇಬಿಟ್ಟರು. ಆ ಸದ್ದಿಗೆ ಗ್ರಂಥಪಾಲಕಿ ಓಡಿ ಬಂದರು.

"ಯಾರ್ರೀ ಉಜ್ಜೋಕೆ ಹೇಳಿದ್ದು?" ಸೀಟಿ ಮೇಷ್ಟ್ರು ಗದರಿದರು. "ಇಷ್ಟು ವರ್ಷ ನಾವ್ಯಾರಾದ್ರೂ ಮುಟ್ಟಿದ್ವಾ?"

"ಇವತ್ತಿನ ಅತಿಥಿ ಯಾರು ಗೊತ್ತಲ್ಲ?" ಗ್ರಂಥಪಾಲಕಿ ತಲೆ ಮೇಲೆ ಕೈ ಹೊತ್ತರು. "ಹೊಳೆಯಾಚೆಯ ಕುಲಪತಿಗಳು! ಹುಡುಗರಾಗಿದ್ದಾಗ ಅಲ್ಲಿನ ಗೋಲ್‌ಕೀಪರ್. ದೋಣಿ ಮಗುಚಿದಾಗ ಅಂಬಿಗನನ್ನ ಬೆನ್ನಮೇಲೆ ಹೊತ್ತು ಈಜಿ ಶೌರ್ಯದ ಪದಕ ತಗೊಂಡೋರು. ಅಂಥವರ ಮುಂದೆ ಕದ್ದ ಕಪ್ ಇಡ್ತೀರಾ?"

"ಕದ್ದದ್ದು ಅಂತ ಯಾರು ಹೇಳಿದ್ರು?" ಸೀಟಿ ಮೇಷ್ಟ್ರು ಸಿಡುಕಿದರು.

"ಗೆದ್ದದ್ದಂತೂ ಅಲ್ವಲ್ಲ!"

ಬಚ್ಚಿಡೋಣವೆಂದರೆ ಅಷ್ಟರಲ್ಲಿ ಕುಲಪತಿಗಳ ಫೋನು: "ಕಪ್ ರೆಡಿ ತಾನೆ? ಅತಿಥಿಗಳ ಕೈಲೇ ಎತ್ತಿಸ್ತೀನಿ." ಗೋಡೆ ಕಡೆ ತಿರುಗಿಸೋಣವೆಂದರೆ ಅಕ್ಷರಗಳು ಸುತ್ತಲೂ ಇದ್ದವು. ಮತ್ತೆ ಮಸಿ ಹಿಡಿಸುವುದೇ ಸರಿ ಎಂದು ಮೂವರೂ ತೀರ್ಮಾನಿಸಿದರು. ಮೇಣದಬತ್ತಿಯ ಹೊಗೆ ಹಿಡಿದರು, ಉದುರಿತು. ಸೀಸದಕಡ್ಡಿ ಗೀಚಿದರು, ಜಾರಿತು. ಕೊನೆಗೆ ಸೀಟಿ ಮೇಷ್ಟ್ರ ಡ್ರಾಯರಿನಲ್ಲಿದ್ದ ಬೂಟ್ ಪಾಲಿಶ್ ಹತ್ತಿತು. ಕಪ್‌ಗಿಂತ ಹೆಚ್ಚಾಗಿ ಇತಿಹಾಸದ ಮೇಷ್ಟ್ರ ಕೈಗೆ, ಅಂಗಿಗೆ, ಕಿವಿಗೆ ಹತ್ತಿತು. ತೊಳೆದುಕೊಳ್ಳೋಣವೆಂದು ನಲ್ಲಿ ತಿರುಗಿಸಿದರೆ ನೀರಿಲ್ಲ. ಹೊರಗೆ ಅತಿಥಿಗಳ ಕಾರು ನಿಂತ ಸದ್ದು.

ಸಭೆಯಲ್ಲಿ ಮೇಷ್ಟ್ರು ಕೂತಲ್ಲಿ ಕೂರಲಾರದೆ ಒದ್ದಾಡಿದರು. ಅತಿಥಿ ಕಪ್ ಎತ್ತಿದರು. ಬೆರಳು ಕರ್ರಗಾಯಿತು. ಕರವಸ್ತ್ರ ತೆಗೆದು ಒರೆಸಿದರು. ಅಕ್ಷರ ಓದಿದರು. ಅವರ ಮುಖ ಬಿಳಿಚಿಕೊಂಡಿತು.

ಮೇಷ್ಟ್ರಿಗೆ ಇನ್ನು ತಡೆಯಲಾಗಲಿಲ್ಲ. ಕೆಲಸ ಹೋದರೆ ಹೋಗಲಿ ಎಂದು ಎದ್ದು ನಿಂತೇಬಿಟ್ಟರು.

"ಸಾರ್, ಆ ಕಪ್ ನಿಮ್ಮದೇ! ದಯವಿಟ್ಟು ತಗೊಂಡು ಹೋಗಿ!"

"ನಮ್ಮದಾ?" ಅತಿಥಿ ತಡವರಿಸಿ, ಮರುಗಳಿಗೆಯೇ ದನಿ ಏರಿಸಿದರು. "ಸಾಧ್ಯವೇ ಇಲ್ಲ! ನಮ್ಮ ಕಪ್ ಆ ದೋಣಿ ಜೊತೆ ಹೊಳೇಲಿ ಮುಳುಗ್ತು. ಅದನ್ನ ಹಿಡ್ಕೊಂಡಿದ್ದವನೇ ನಾನು. ಇದ್ಯಾರೋ ನಮ್ಮ ಹೆಸರು ಕೆತ್ತಿರೋ ನಕಲಿ!"

ಸಭೆಯ ಕಣ್ಣೆಲ್ಲ ಮೇಷ್ಟ್ರ ಕರೀ ಕೈಗಳ ಮೇಲೆ ನೆಟ್ಟವು.

"ಬೆಳಿಗ್ಗೆಯಿಂದ ಕಪ್ಪಿಗೆ ಏನೋ ಮಾಡ್ತಾನೇ ಇದ್ರಪ್ಪ" ಎಂದರು ಗ್ರಂಥಪಾಲಕಿ. ಸೀಟಿ ಮೇಷ್ಟ್ರು ಸೀಟಿಯನ್ನು ಬಾಯಲ್ಲಿಟ್ಟುಕೊಂಡು, ಮಾತಾಡುವ ಕಷ್ಟದಿಂದ ಪಾರಾದರು.

ಹೊರಡುವಾಗ ಅತಿಥಿ ಮೇಷ್ಟ್ರನ್ನು ಕಾರಿನ ಮರೆಗೆ ಎಳೆದು ಪಿಸುಗುಟ್ಟಿದರು: "ದೋಣಿ ಮಗುಚಲೇ ಇಲ್ಲ ಮೇಷ್ಟ್ರೇ. ಗೆದ್ದ ಖುಷೀಲಿ ಕಪ್ಪನ್ನ ನಿಮ್ಮ ಕ್ಯಾಂಟೀನ್ ಬೆಂಚಿನ ಕೆಳಗೆ ಮರೆತುಬಿಟ್ಟೆ. ಊರಲ್ಲಿ ಏನಂತ ಹೇಳ್ಲಿ? ಬಾಯಲ್ಲೇ ದೋಣಿ ಮುಳುಗಿಸಿದೆ."

"ಮತ್ತೆ ಆ ಅಂಬಿಗ?"

"ಅವನಿಗೆ ಜನರೇ ಸೇರಿ ಹೊಸ ದೋಣಿ ಕೊಡಿಸಿದ್ರಲ್ಲ, ಅವನೂ ತುಟಿ ಬಿಚ್ಚಲಿಲ್ಲ. ನೀವೂ ಬಿಚ್ಚಬೇಡಿ."

ಬಿಚ್ಚಿದರೂ ನಂಬುವವರು ಯಾರು? ಕುಲಪತಿಗಳು ಆಗಲೇ ಮೇಷ್ಟ್ರಿಗಾಗಿ ಕಾಯುತ್ತಿದ್ದರು.

"ಮರ್ಯಾದೆ ಕಳೆದ್ರಲ್ರೀ! ಕಾಯಮ್ಮೂ ಇಲ್ಲ, ಏನೂ ಇಲ್ಲ. ಮೊದಲನೇ ಅಧ್ಯಾಯ ಕಿತ್ತು ಹಾಕಿ, ಆ ಮಹಾನುಭಾವರ ದೋಣಿ ಸಾಹಸ ಬರ್ಕೊಂಡು ಬನ್ನಿ. ಆಮೇಲೆ ನೋಡೋಣ. ಈ ಸಲ ಆಧಾರ ಮಾತ್ರ ಗಟ್ಟಿಯಾಗಿರ್ಲಿ!"

ಮನೆಗೆ ಬಂದ ಗಂಡನ ಅವತಾರ ನೋಡಿ ಹೆಂಡತಿ ಅಡುಗೆಮನೆಗೆ ಓಡಿ ಉಳಿದರ್ಧ ನಿಂಬೆಹಣ್ಣು ತಂದಳು.

"ಕೈ ಕೊಡಿ ಇಲ್ಲಿ, ಉಜ್ಜಿಬಿಡ್ತೀನಿ."

"ಬೇಡ ಕಣೇ!" ಮೇಷ್ಟ್ರು ಎರಡೂ ಕೈ ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. "ಕೆಳಗೆ ಇನ್ಯಾರ ಹೆಸರಿದೆಯೋ!"